ಅಡ್ಮಿರಲ್ ಅಣ್ಣನ ಜೊತೆ ಬಸ್ತಿಹಳ್ಳಿಗೆ

ತುಮಕೂರು ಸ್ಟೇಷನ್ನಿಗೆ ರೈಲು ಬಂದು ನಿಂತಾಗ ಅಣ್ಣ ಬೋಗಿಯ ಬಾಗಿಲಲ್ಲೇ ಇದ್ದ. ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯನ್ನು ನನ್ನ ಚೀಲಕ್ಕೆ ಚಾಚಿ, "ಬೇಗ ಹತ್ತು ವಿಮಲಾ, ಇಲ್ಲಿ ಜಾಸ್ತಿ ಹೊತ್ತು ನಿಲ್ಲಲ್ಲ" ಅಂದ. ಬೆಂಗಳೂರು ಬಿಟ್ಟಾಗಿನಿಂದ ಸೀಟಿನಲ್ಲಿ ಕೂತೇ ಇಲ್ಲವೆಂದು ಎದುರಿನ ಸೀಟಿನ ಹೆಂಗಸು ಹೇಳಿದರು. ಹೋದ ತಿಂಗಳವರೆಗೆ ನೌಕಾಪಡೆಯಲ್ಲಿ ರಿಯರ್ ಅಡ್ಮಿರಲ್ ಆಗಿದ್ದವನು ಈಗ ಮಾಸಿದ ನೀಲಿ ಅಂಗಿ ತೊಟ್ಟು, ಎರಡನೇ ದರ್ಜೆಯ ಬಾಗಿಲಲ್ಲಿ ಡಿಸೆಂಬರ್ ತಿಂಗಳ ಗಾಳಿಗೆ ಮುಖ ಒಡ್ಡಿ ನಿಂತಿದ್ದ.

ನನ್ನ ಅಣ್ಣ ಮೋಹನ ಮನೆ ಬಿಟ್ಟಾಗ ನನಗೆ ಹತ್ತು ವರ್ಷ. ಆಮೇಲೆ ಅವನು ನಮಗೆ ಸಿಕ್ಕಿದ್ದು ರಜೆಗಳಲ್ಲಿ ಮಾತ್ರ. ಮುಂಬಯಿ, ಕೊಚ್ಚಿ, ವಿಶಾಖಪಟ್ಟಣ, ದೆಹಲಿ ಎಂದು ಊರುಗಳ ಹೆಸರು ಗೊತ್ತಿತ್ತೇ ಹೊರತು ಅಲ್ಲಿ ಅವನು ಏನು ಮಾಡುತ್ತಿದ್ದನೆಂಬುದು ಗೊತ್ತಿರಲಿಲ್ಲ. ಕೇಳಿದರೆ "ಹಡಗಿನ ಕೆಲಸ" ಅಂದು ಸುಮ್ಮನಾಗುತ್ತಿದ್ದ. ನಿವೃತ್ತನಾದ ಮೇಲೆ ಅತ್ತಿಗೆ ವಿಶಾಖಪಟ್ಟಣದ ಮನೆ ಖಾಲಿ ಮಾಡಿಸುತ್ತಿರುವಾಗಲೇ ಅವನು ನನಗೆ ಫೋನ್ ಮಾಡಿ, "ನಿನ್ನ ಸ್ಕೂಲಿಗೆ ರಜ ಯಾವಾಗ? ಅರಸೀಕೆರೆಗೆ ಹೋಗೋಣ. ಹಾಗೇ ಬೇಲೂರು, ಹಳೇಬೀಡು" ಅಂದಿದ್ದ. ನಾನು ಹೆಡ್‌ಮಿಸ್ಟ್ರೆಸ್ ಆಗಿ ಎಷ್ಟೋ ಸಲ ಮಕ್ಕಳನ್ನು ಆ ದೇವಸ್ಥಾನಗಳಿಗೆ ಕರೆದುಕೊಂಡು ಹೋದವಳು. ಅಣ್ಣನಿಗೂ ಶಿಲ್ಪ ನೋಡುವ ಆಸೆ ಬಂದಿದೆ ಅಂದುಕೊಂಡೆ.

ಗುಬ್ಬಿ ದಾಟಿತು, ತಿಪಟೂರು ದಾಟಿತು. ಎರಡೂ ಕಡೆ ತೆಂಗಿನ ತೋಟ, ನಡುನಡುವೆ ಕೊಯ್ಲಾದ ರಾಗಿ ಹೊಲ. ತಿಪಟೂರಿನಲ್ಲಿ ವಡೆ ಕೊಂಡು ಕಾಗದದಲ್ಲಿ ಎಣ್ಣೆ ಹಿಂಡಿಕೊಂಡು ತಿಂದೆವು. ಅರಸೀಕೆರೆ ಹತ್ತಿರವಾದಂತೆ ಅಣ್ಣ ಬಾಗಿಲಿಂದ ಅರ್ಧ ಮೈ ಹೊರಗೆ ಹಾಕಿ ನೋಡತೊಡಗಿದ. "ಔಟರ್ ಸಿಗ್ನಲ್ ಬಂತು" ಅಂದ. ತೋಳು ಏರಿಳಿಯುವ ಹಳೆಯ ಕಾಲದ ಕೈಮರ ಹೋಗಿ ದೀಪದ ಕಂಬ ಬಂದಿತ್ತು.

ನಮ್ಮಪ್ಪ ಆ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ರೈಲು ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ಸನ್ನೆಗೋಲು ಎಳೆದು ದಾರಿ ಮಾಡಿಕೊಡುವ ಕೆಲಸ. ನಾವಿದ್ದ ಕ್ವಾರ್ಟರ್ಸ್ ಸಾಲಿನಲ್ಲಿ ಮೂರು ನಾಲ್ಕು ಮನೆ ಉಳಿದಿದ್ದವು, ನಮ್ಮದು ಉಳಿದಿರಲಿಲ್ಲ. ಅದರ ಜಾಗದಲ್ಲಿ ಜಲ್ಲಿ ರಾಶಿ ಹಾಕಿದ್ದರು. ಅಣ್ಣ ಆ ರಾಶಿಯ ಮುಂದೆ ನಿಂತು, "ಇಲ್ಲಿ ಅಡುಗೆಮನೆ, ಇಲ್ಲಿ ನೀನು ಹುಟ್ಟಿದ್ದು" ಎಂದು ತೋರಿಸಿದ. ಹೊಗೆ ಇಂಜಿನ್ನುಗಳ ಕಾಲದಲ್ಲಿ ಇಡೀ ಸಾಲಿಗೆ ಕಲ್ಲಿದ್ದಲ ಮಸಿ ಹಿಡಿಯುತ್ತಿತ್ತು. ಒಗೆದ ಬಟ್ಟೆ ಒಣಗುವಷ್ಟರಲ್ಲಿ ಮತ್ತೆ ಕಪ್ಪಾಗುತ್ತಿತ್ತೆಂದು ಅಮ್ಮ ಬೈದುಕೊಳ್ಳುತ್ತಿದ್ದಳು. ಅಂಥ ಮನೆಯಿಂದ ಹೋದವನು ಜೀವನವೆಲ್ಲ ಬಿಳಿ ಬಟ್ಟೆ ಹಾಕಿದ.

ಬೇಲೂರಿಗೆ ಹೋಗುವ ಬಸ್ಸು ಜಾವಗಲ್ಲಿನ ಮೇಲೆ, ಹಳೇಬೀಡಿನ ಮೇಲೆ ಹೋಗುತ್ತದೆ. ಕೊಬ್ಬರಿ ಮೂಟೆ ಹೊತ್ತವರು, ಬಾಣಾವರದ ಕಡೆಯಿಂದ ಮದುವೆಗೆ ಹೊರಟವರು, ಎಲ್ಲ ಸೇರಿ ಬಸ್ಸು ತುಂಬಿತ್ತು. ಜಾವಗಲ್ ದಾಟಿದ ಮೇಲೆ ಅಣ್ಣ ತಾನಾಗಿಯೇ ಕೇಳಿದ.

"ರಂಗ ನೆನಪಿದಾನಾ ನಿನಗೆ?"

ನೆನಪಿದ್ದ. ಬಸ್ತಿಹಳ್ಳಿಯ ರಂಗಪ್ಪ. ಹಳೇಬೀಡಿನ ಪಕ್ಕದ ಊರಿನವನು, ಗದ್ದೆ ತೋಟ ಇದ್ದ ಗೌಡರ ಮನೆಯ ಹುಡುಗ. ಅರಸೀಕೆರೆಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದ. ಸಂಜೆಯಾದರೆ ನಮ್ಮ ಕ್ವಾರ್ಟರ್ಸ್ ಮುಂದೆ ಅಣ್ಣನ ಜೊತೆ ಹರಟುತ್ತ ಕೂತಿರುತ್ತಿದ್ದ. ಆ ದಿನಗಳಲ್ಲಿ ನಮ್ಮ ಜನ ಹಳ್ಳಿಗಳಲ್ಲಿ ಊರ ಬಾವಿಗೆ ಇಳಿಯುವಂತಿರಲಿಲ್ಲ. ರಂಗಪ್ಪ ಬೇಸಿಗೆ ರಜೆಯಲ್ಲಿ ಅಣ್ಣನನ್ನು ಬಸ್ತಿಹಳ್ಳಿಗೆ ಕರೆದುಕೊಂಡು ಹೋಗಿ, ಯಾರನ್ನೂ ಕೇಳದೆ ಕೆರೆಗೆ ಇಳಿಸಿ ಈಜು ಕಲಿಸಿದ. ಮನೆಯವರು ಅಣ್ಣನಿಗೆ ಜಗಲಿಯ ಮೇಲೆ ಊಟ ಹಾಕಿದಾಗ ರಂಗಪ್ಪ ತನ್ನ ತಟ್ಟೆಯನ್ನೂ ಹೊರಗೆ ತಂದುಕೊಂಡು ಪಕ್ಕದಲ್ಲಿ ಕೂತನಂತೆ. ಇದನ್ನೆಲ್ಲ ಅಣ್ಣ ಅಮ್ಮನಿಗೆ ಹೇಳುತ್ತಿದ್ದಾಗ ನಾನು ಕೇಳಿದ್ದೆ.

ನನಗೆ ಗೊತ್ತಿಲ್ಲದ್ದನ್ನು ಅಣ್ಣ ಅಂದು ಬಸ್ಸಿನಲ್ಲಿ ಹೇಳಿದ. ನೌಕಾಪಡೆ ಎಂಬುದು ಅವನ ಆಸೆಯೇ ಆಗಿರಲಿಲ್ಲ. ಅದು ರಂಗಪ್ಪನದು. ಹಡಗಿನ ಚಿತ್ರ ಕಂಡಲ್ಲೆಲ್ಲ ಕತ್ತರಿಸಿ ಭೂಗೋಳದ ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಿದ್ದವನು ರಂಗಪ್ಪ. ಅರ್ಜಿ ತರಿಸಿದವನು ಅವನು, ಜೊತೆಗಿರಲಿ ಎಂದು ಅಣ್ಣನ ಕೈಯಲ್ಲೂ ಹಾಕಿಸಿದವನು ಅವನು. ಬೆಂಗಳೂರಿನ ಪರೀಕ್ಷೆಗಳಲ್ಲಿ ಇಬ್ಬರೂ ಪಾಸಾದರು. ಕೊನೆಗೆ ವೈದ್ಯರು ಬಣ್ಣದ ಚುಕ್ಕಿಗಳಿರುವ ಪುಸ್ತಕ ತೆರೆದು, ಚುಕ್ಕಿಗಳ ನಡುವೆ ಯಾವ ಅಂಕಿ ಕಾಣುತ್ತದೆಂದು ಕೇಳಿದರು. ಅಣ್ಣನಿಗೆ ಕಂಡಿತು. ರಂಗಪ್ಪನಿಗೆ ಬರೀ ಚುಕ್ಕಿಗಳು ಕಂಡವು. ಕೆಂಪು ಹಸಿರಿನ ವ್ಯತ್ಯಾಸ ತನ್ನ ಕಣ್ಣಿಗೆ ತಿಳಿಯುವುದಿಲ್ಲವೆಂದು ಆವತ್ತಿನವರೆಗೆ ಅವನಿಗೇ ಗೊತ್ತಿರಲಿಲ್ಲ. ಕೈಮರ ಇಳಿದಿದೆಯೋ ಎದ್ದಿದೆಯೋ ನೋಡಿ ಸಿಗ್ನಲ್ ಹೇಳುತ್ತಿದ್ದವನಿಗೆ ಬಣ್ಣ ನೋಡಬೇಕಾದ ಪ್ರಸಂಗವೇ ಬಂದಿರಲಿಲ್ಲ.

"ಮೊದಲನೇ ರಜಕ್ಕೆ ಬಂದಾಗ ಅವನನ್ನ ನೋಡೋಕೆ ಬಸ್ತಿಹಳ್ಳಿಗೆ ಹೋದೆ" ಅಂದ ಅಣ್ಣ. "ಮನೇಲಿ ಇಲ್ಲ ಅಂದರು. ಮಾರನೇ ದಿನಾನೂ ಹೋದೆ. ತೋಟದಲ್ಲಿ ಇದಾನೆ ಅಂದರು, ತೋಟದಲ್ಲೂ ಇರಲಿಲ್ಲ. ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ಆಮೇಲೆ ನಾನೂ ಬಿಟ್ಟುಬಿಟ್ಟೆ."

"ಈಗ ಅವರನ್ನ ನೋಡೋಕೇ ಬಂದಿದ್ದಾ?" ಎಂದು ಕೇಳಿದೆ. ತಲೆಯಾಡಿಸಿದ.

ಹಳೇಬೀಡು ಬಂತು. ಕಂಡಕ್ಟರ್ ಕೂಗಿದ. ಅರ್ಧ ಬಸ್ಸು ಇಳಿಯಿತು. ನಾನು ಚೀಲ ಎತ್ತಿಕೊಂಡು ಎದ್ದೆ. ಅಣ್ಣ ಏಳಲಿಲ್ಲ. ಕಿಟಕಿಯಾಚೆ ದೇವಸ್ಥಾನದ ಕಡೆ ನೋಡುತ್ತ, "ಮೊದಲು ಬೇಲೂರು ನೋಡ್ಕೊಂಡು ಬರೋಣ ಕಣೇ" ಅಂದ. ಟಿಕೆಟ್ಟು ಹಳೇಬೀಡಿಗೆ ತೆಗೆದಿದ್ದೆವು. ಕಂಡಕ್ಟರ್ ಮತ್ತೆ ಬಂದಾಗ ಅಣ್ಣ ಬೇಲೂರಿಗೆ ಬೇರೆ ಟಿಕೆಟ್ಟು ತೆಗೆದುಕೊಂಡ.

ಬೇಲೂರಿನಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರವೇ ಒಂದು ಲಾಡ್ಜು ಹಿಡಿದೆವು. ಬಿಸಿನೀರು ಬಕೆಟ್ಟಿನಲ್ಲಿ ತಂದುಕೊಡುತ್ತಿದ್ದರು. ಬೆಳಿಗ್ಗೆ ಊರಿಗೆಲ್ಲ ಮಂಜು ಮುಸುಕಿತ್ತು, ದೇವಸ್ಥಾನದ ಅಂಗಳದ ಕಲ್ಲು ಹಾಸು ಬರಿಗಾಲಿಗೆ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಗೈಡ್ ಒಬ್ಬರು ಅಣ್ಣನ ನಿಲುವು, ಕತ್ತರಿಸಿದ ಕೂದಲು ನೋಡಿ ಹಿಂದಿಯಲ್ಲಿ ಮಾತಿಗೆ ಶುರು ಮಾಡಿದರು.

"ನಾನು ಅರಸೀಕೆರೆಯವನು ಕಣ್ರೀ" ಅಂದ ಅಣ್ಣ.

"ಓ, ನಮ್ಮೋರೇ" ಎಂದು ಅವರು ನಕ್ಕು, ನವರಂಗದ ಕಂಬಗಳನ್ನು ಒಂದೊಂದಾಗಿ ತೋರಿಸಿದರು. ಒಂದರಂತೆ ಇನ್ನೊಂದಿಲ್ಲ. ಕಡೆದು ನುಣುಪು ಮಾಡಿದ ಕರಿಕಲ್ಲಿನ ಮೇಲೆ ನಮ್ಮ ಮುಖ ಮಸುಕಾಗಿ ಕಾಣುತ್ತಿತ್ತು. ಅಣ್ಣ ಮರ್ಯಾದೆಗೆ ಹೂಂಗುಟ್ಟುತ್ತಿದ್ದ. ಮದನಿಕೆಯರನ್ನು ತಲೆಯೆತ್ತಿ ನೋಡುವಾಗಲೂ ಅವನ ಮನಸ್ಸು ಅಲ್ಲಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ, ಇನ್ನೊಂದು ಸಲ ದೇವಸ್ಥಾನ ನೋಡೋಣವೇ ಎಂದು ಅವನು ಅಂದಾಗ ನನಗೆ ತಡೆಯಲಾಗಲಿಲ್ಲ.

"ಅಣ್ಣ, ಹಡಗು ನಡೆಸಿದೋನು ನೀನು. ಬಸ್ಸು ಇಳಿಯೋಕೆ ಇಷ್ಟು ಯೋಚನೆಯಾ?"

"ಅವನು ಮತ್ತೆ ಮನೇಲಿ ಇಲ್ಲ ಅನ್ನಿಸಿಬಿಟ್ಟರೆ?" ಅಂದ. ಅರವತ್ತರ ಹತ್ತಿರದ ಗಂಡಸು, ಎಳೆಯ ಹುಡುಗನ ಥರ ನನ್ನ ಮುಖ ನೋಡುತ್ತಿದ್ದ. "ಇಲ್ಲ ಅಂದರೆ ವಾಪಸ್ ಬರೋಣ. ನಾನಿದೀನಲ್ಲ" ಅಂದೆ. ಎದ್ದ.

ಹಳೇಬೀಡಿನಲ್ಲಿ ಇಳಿದಾಗ ಬಿಸಿಲು ಇಳಿಯುತ್ತಿತ್ತು. ಹಿಂಗಾರು ಚೆನ್ನಾಗಿ ಬಿದ್ದಿದ್ದ ವರ್ಷ, ದೇವಸ್ಥಾನದ ಹಿಂದಿನ ಕೆರೆ ತುಂಬಿತ್ತು. ಬಸ್ತಿಹಳ್ಳಿ ಅಲ್ಲಿಂದ ನಡೆದುಹೋಗುವಷ್ಟು ದೂರ. ಜೈನ ಬಸದಿಗಳನ್ನು ಬಲಕ್ಕೆ ಬಿಟ್ಟು ಊರೊಳಗೆ ಹೋದೆವು. ದಾರಿಯಲ್ಲಿ ಹುರುಳಿ ಬಡಿಯುತ್ತಿದ್ದ ಒಬ್ಬಾಕೆಯನ್ನು ರಂಗಪ್ಪನವರ ಮನೆ ಎಲ್ಲಿ ಎಂದು ಕೇಳಿದೆ.

"ಯಾವ ರಂಗಪ್ಪ? ಈಜು ರಂಗಪ್ಪನಾ? ಅಗಳೋ, ಆ ನೀಲಿ ಬಾಗ್ಲು. ಅವ್ರೇ ಕುಂತವ್ರೆ ನೋಡಿ."

ಜಗಲಿಯ ಮೇಲೆ ಪಂಚೆ ಉಟ್ಟು ಅವರೆಕಾಯಿ ಬಿಡಿಸುತ್ತ ಕೂತಿದ್ದವರು ತಲೆಯೆತ್ತಿದರು. ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ಅಣ್ಣ ಬೀದಿಯಲ್ಲೇ ನಿಂತುಬಿಟ್ಟ. ರಂಗಪ್ಪನವರು ಸ್ವಲ್ಪ ಹೊತ್ತು ನೋಡಿದರು. ಮಡಿಲಲ್ಲಿದ್ದ ಕಾಯನ್ನು ಮೊರಕ್ಕೆ ಸುರಿದು ಎದ್ದರು.

"ಏನ್ಲಾ ಮೋಹನ, ಈಗ ಬಂದ್ಯಾ" ಅಂದರು, ನೆನ್ನೆ ಸಂತೆಗೆ ಹೋದವನನ್ನು ಕೇಳುವ ಹಾಗೆ.

"ಬಂದೆ ಕಣ್ಲಾ" ಅಂದ ಅಣ್ಣ. ಅವನ ಬಾಯಿಂದ ಆ ಥರದ ಮಾತು ನಾನು ಕೇಳಿ ಎಷ್ಟೋ ಕಾಲವಾಗಿತ್ತು. ಇಬ್ಬರೂ ಅಪ್ಪಿಕೊಳ್ಳಲಿಲ್ಲ. ರಂಗಪ್ಪನವರು ಅಣ್ಣನ ಮುಂಗೈ ಹಿಡಿದು ಒಳಗೆ ಕರೆದುಕೊಂಡು ಹೋದರು, ಆ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಅವರ ಹೆಂಡತಿ ಜಯಮ್ಮ ನಾವು ಯಾರೆಂದು ಕೇಳುವ ಮೊದಲೇ ಒಲೆಗೆ ನೀರಿಟ್ಟರು. ಊಟವಾಗಿದೆ ಅಂದರೂ ಬಿಡಲಿಲ್ಲ. ರಾಗಿ ಮುದ್ದೆ, ಹಿತಕಿದ ಅವರೆಬೇಳೆ ಸಾರು, ಮೇಲೆ ತುಪ್ಪ. ಎಲ್ಲರೂ ಒಳಗೆ, ನಡುಮನೆಯಲ್ಲಿ, ಒಂದೇ ಸಾಲಿನಲ್ಲಿ ಕೂತೆವು. ಅಣ್ಣ ಒಂದು ಕ್ಷಣ ತಲೆಬಾಗಿಲಾಚೆಯ ಜಗಲಿಯ ಕಡೆ ನೋಡಿದ. ರಂಗಪ್ಪನವರೂ ನೋಡಿದರು. "ಉಣ್ಣು, ಆರೋಗ್ತದೆ" ಅಂದರು.

ಸಂಜೆ ಮೂವರೂ ಕೆರೆ ಏರಿಯ ಮೇಲೆ ಹೋಗಿ ಕೂತೆವು. ನೀರಿನ ಮೇಲೆ ಕೊಕ್ಕರೆಗಳು ಇಳಿಯುತ್ತಿದ್ದವು, ಆಚೆ ದಡದಲ್ಲಿ ಯಾರೋ ಎತ್ತು ತೊಳೆಯುತ್ತಿದ್ದರು. ಊರಿನ ಅರ್ಧ ಮಕ್ಕಳಿಗೆ ಈ ಕೆರೆಯಲ್ಲಿ ಈಜು ಕಲಿಸಿದ್ದು ತಾನೇ ಎಂದು ರಂಗಪ್ಪನವರು ಹೇಳಿದರು. ಆಮೇಲೆ ಅಣ್ಣನಿಗೆ, "ಹೇಳಪ್ಪ ಈಗ. ಮೊದಲ್ನಿಂದ ಹೇಳು. ಹಡಗು ಹತ್ತಿದ ದಿನದಿಂದ" ಅಂದರು.

ಅಣ್ಣ ಹೇಳಿದ. ನನ್ನ ಸ್ವಂತ ಅಣ್ಣನ ಬದುಕನ್ನು ನಾನು ಮೊದಲ ಸಲ ಕೇಳಿದ್ದು ಆ ಏರಿಯ ಮೇಲೆ. ಮೊದಲ ಸಲ ಸಮುದ್ರಕ್ಕೆ ಹೋದಾಗ ವಾಂತಿ ಮಾಡಿಕೊಂಡು, ಕೈಯಲ್ಲಿ ಬಕೆಟ್ಟು ಹಿಡಿದುಕೊಂಡೇ ಕಾವಲು ನಿಂತದ್ದು. ಹೊಯ್ದಾಡುವ ಮಂಚದಿಂದ ಬೀಳದಂತೆ ಬೆಲ್ಟು ಕಟ್ಟಿಕೊಂಡು ಮಲಗಿದ್ದು. ಒಂದು ಸಣ್ಣ ಹಡಗಿಗೆ ತಾನೇ ಕ್ಯಾಪ್ಟನ್ ಆದ ದಿನ, ಎಲ್ಲರೂ ತನ್ನ ಮುಖ ನೋಡುತ್ತಿದ್ದಾಗ, ತಿರುಗಿ ತಾನು ಯಾರ ಮುಖ ನೋಡಬೇಕೆಂದು ತಿಳಿಯದೆ ಹೋದದ್ದು. ಪೂರ್ವ ಕರಾವಳಿಯಲ್ಲಿ ಚಂಡಮಾರುತ ಎದ್ದಾಗ ಮಗುಚಿದ ದೋಣಿಗೆ ಜೋತುಬಿದ್ದಿದ್ದ ಮೀನುಗಾರರನ್ನು ಹಗ್ಗ ಎಸೆದು ಎಳೆದುಕೊಂಡದ್ದು.

"ಒಬ್ಬನ ಕೈ ಜಾರಿತು. ಕಣ್ಣ ಮುಂದೇನೇ. ನನ್ನ ಹುಡುಗರನ್ನ ನೀರಿಗೆ ಇಳಿಸೋ ಹಾಗಿರಲಿಲ್ಲ, ಅಲೆ ಅಷ್ಟಿತ್ತು. ಮಿಕ್ಕವರನ್ನ ದಡಕ್ಕೆ ತಂದಾಗ ಎಲ್ಲರೂ ಹಾರ ಹಾಕಿದರು. ಆ ಹಾರ ಕುತ್ತಿಗೇಲಿ ಇಟ್ಟುಕೊಳ್ಳೋಕೆ ಆಗಲಿಲ್ಲ ಕಣ್ಲಾ."

ರಂಗಪ್ಪನವರು ಅಣ್ಣನ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿದರು.

ದೆಹಲಿಯ ಆಫೀಸಿನಲ್ಲಿ ಕಡತ ನೋಡುತ್ತ ಸಮುದ್ರವಿಲ್ಲದೆ ಕಳೆದ ವರ್ಷಗಳು, ಅಡ್ಮಿರಲ್ ಆದದ್ದು, ಅದರ ಮೇಲಿನ ಮೆಟ್ಟಿಲು ಸಿಗದೆ ಹೋದದ್ದು, ಎಲ್ಲ ಹೇಳಿದ. ಕೊನೆಯ ದಿನ ಕಿರಿಯ ಅಧಿಕಾರಿಗಳೆಲ್ಲ ಸೇರಿ ಕಾರಿಗೆ ಹಗ್ಗ ಕಟ್ಟಿ, ಅಣ್ಣನನ್ನು ಅದರಲ್ಲಿ ನಿಲ್ಲಿಸಿ, ಗೇಟಿನವರೆಗೆ ಎಳೆದರಂತೆ.

"ಇಂಜಿನ್ನು ಕೆಟ್ಟಿತ್ತಾ?" ಎಂದು ರಂಗಪ್ಪನವರು ಕೇಳಿದರು.

"ಇಲ್ಲ ಕಣ್ಲಾ, ಮರ್ಯಾದೆ ಅದು."

ಅಣ್ಣ ನಕ್ಕ. ನಗುತ್ತ ಕಣ್ಣು ಒರೆಸಿಕೊಂಡ. ಕೆಲಸ ಬಿಟ್ಟುಬಂದದ್ದು ಅವನಿಗೆ ಎಷ್ಟು ನೋವಾಗಿತ್ತೆಂದು ನನಗೆ ತಿಳಿದದ್ದೂ ಆಗಲೇ.

ಸ್ವಲ್ಪ ಹೊತ್ತಿನ ಮೇಲೆ ರಂಗಪ್ಪನವರು ಹುಲ್ಲು ಕಡ್ಡಿ ಕೀಳುತ್ತ ಕೇಳಿದರು. "ಒಂದು ಮಾತು ಹೇಳು. ಆ ಬಣ್ಣದ ಪುಸ್ತಕ ಇತ್ತಲ್ಲ. ನನ್ನ ಬಿಡಕ್ಕೆ ಒಂದು ನೆಪ ಅಂತ್ಲೇ ಅಂದ್ಕಂಡಿವ್ನಿ ಇಷ್ಟು ದಿನ. ನೀರು ಒಂದೇ ಬಣ್ಣ, ಆಕಾಶ ಒಂದೇ ಬಣ್ಣ. ಹಡಗು ನಡ್ಸಕ್ಕೆ ಕೆಂಪು ಹಸಿರು ಯಾಕ್ಲಾ ಬೇಕು?"

ಅಣ್ಣ ಎರಡು ಕೈಯನ್ನೂ ಮುಂದೆ ಚಾಚಿದ. "ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಕತ್ತಲಾದ ಮೇಲೆ ಎದುರಿನ ಹಡಗು ಕಾಣೋಲ್ಲ, ದೀಪ ಅಷ್ಟೇ ಕಾಣೋದು. ಬರೀ ಕೆಂಪು ಕಂಡರೆ ಅದು ನನಗೆ ಎಡಗಡೆಯ ಮೈ ತೋರಿಸ್ತಿದೆ. ಬರೀ ಹಸಿರು ಕಂಡರೆ ಬಲಗಡೆಯ ಮೈ. ಎರಡೂ ಒಟ್ಟಿಗೆ ಕಂಡರೆ ನೇರ ನನ್ನ ಮೇಲೇ ಬರ್ತಿದೆ. ಒಂದು ಸಲ ಹಾಗೆ ಕಂಡಿತು. ಆಗ ನಾನಿನ್ನೂ ಚಿಕ್ಕ ಅಧಿಕಾರಿ, ಕಾವಲಿಗೆ ನಾನೇ ಇದ್ದೆ. ಮಬ್ಬುಗತ್ತಲು, ಮಳೆ. ಬಲಕ್ಕೆ ತಿರುಗಿಸು ಅಂದೆ. ಪಕ್ಕದಲ್ಲೇ ಉಜ್ಜಿಕೊಂಡು ಹೋದ ಹಾಗೆ ಹೋಯಿತು ಅದು. ಕೆಳಗೆ ಅಷ್ಟು ಜನ ಮಲಗಿದ್ದರು. ಅವತ್ತು ನೀನು ನೆನಪಾದೆ."

ರಂಗಪ್ಪನವರು ತಮ್ಮ ಎರಡು ಅಂಗೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡರು. ನೀರಿನ ಮೇಲಿನ ಬೆಳಕು ಹೋಗುತ್ತಿತ್ತು. "ನಂಗೆ ಎರಡೂ ಒಂದೇ ಥರ ಕಾಣ್ತವೆ" ಅಂದರು. ಆಮೇಲೆ, "ಹಂಗಾದ್ರೆ ಸರಿಯಾಗೇ ಬಿಟ್ಟವ್ರೆ ಬಿಡು" ಅಂದರು. ಆ ಮಾತು ಹೇಳುವಾಗ ಅವರ ಹೆಗಲು ಇಳಿದದ್ದು ನನಗೆ ಕಾಣಿಸಿತು. ಎಷ್ಟೋ ಕಾಲ ಹೊತ್ತಿದ್ದನ್ನು ಕೆಳಗಿಟ್ಟವರಂತೆ ಕೂತರು.

"ನಾನು ರಜಕ್ಕೆ ಬಂದಾಗ ಯಾಕೆ ಸಿಗಲಿಲ್ಲ?" ಅಣ್ಣ ಕೇಳಿದ.

"ಬಂದಿದ್ನಲ್ಲ" ಅಂದರು ರಂಗಪ್ಪನವರು. "ನೀನು ಬರ್ತೀಯ ಅಂತ ಮಾವ ಹೇಳಿದ್ರು. ಅರಸೀಕೆರೆ ಸ್ಟೇಷನ್ನಿಗೇ ಬಂದೆ. ನೀನು ಇಳಿದೆ, ಬಿಳೀ ಬಟ್ಟೆ, ಬಿಳೀ ಟೋಪಿ. ನಿಮ್ಮಪ್ಪ ಹಳಿ ದಾಟ್ಕಂಡು ಓಡಿ ಬಂದ್ರು. ಚೆನ್ನಾಗಿ ಕಾಣ್ತಿದ್ದೆ ಕಣ್ಲಾ. ಮಾತಾಡ್ಸನ ಅಂತ ಎರಡು ಹೆಜ್ಜೆ ಇಟ್ಟೆ. ವಾಪಸ್ ಬಸ್ಸು ಹತ್ದೆ. ಆಮೇಲೆ ನೀನು ಇಲ್ಲಿಗೆ ಬಂದಾಗ ಆ ಬಸದಿ ಹಿಂದೆ ಕುಂತಿದ್ದೆ."

ಆ ದಿನ ನನಗೂ ನೆನಪಿದೆ. ಅಮ್ಮನ ಸೆರಗು ಹಿಡಿದು ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದೆ. ಅಪ್ಪ ಅಣ್ಣನ ಟೋಪಿ ಮುಟ್ಟಿದರೆ ಕೊಳೆಯಾದೀತೆಂದು ಕೈ ಹಿಂದೆ ಕಟ್ಟಿಕೊಂಡಿದ್ದರು. ಅಷ್ಟು ಜನರ ನಡುವೆ ಇವರೂ ಇದ್ದರೆಂದು ನಮಗಾರಿಗೂ ಗೊತ್ತಿರಲಿಲ್ಲ.

ರಾತ್ರಿ ಅಲ್ಲೇ ಉಳಿದೆವು. ಬೆಳಿಗ್ಗೆ ಜಯಮ್ಮ ಅಕ್ಕಿರೊಟ್ಟಿ ತಟ್ಟುತ್ತ ನನಗೆ ಹೇಳಿದರು. "ನಮ್ಮ ಯಜಮಾನ್ರು ಸಮುದ್ರನೇ ನೋಡಿಲ್ಲ ಕಣಮ್ಮ. ಧರ್ಮಸ್ಥಳಕ್ಕೆ ಎಷ್ಟು ಸಲ ಹೋಗಿವಿ. ಅಲ್ಲಿಂದ ಮಂಗ್ಳೂರು ಎಷ್ಟು ದೂರ? ಎಲ್ರೂ ಹೋಗಿ ನೋಡ್ಕಂಡು ಬರೋರು. ಇವ್ರು ಮಾತ್ರ ನಂಗೆ ಕಾಲುನೋವು ಅಂತ ಛತ್ರದಲ್ಲೇ ಮಲಗೋರು."

ಅಣ್ಣ ಒಲೆಯ ಹತ್ತಿರ ಕೂತು ಕೇಳಿಸಿಕೊಳ್ಳುತ್ತಿದ್ದ. "ಹೌದೇನ್ಲಾ?" ಅಂದ.

"ನೋಡಿದ್ರೆ ಬೇಕು ಅನ್ಸ್ತದೆ" ಅಂದರು ರಂಗಪ್ಪನವರು, ತಟ್ಟೆಯಿಂದ ಕಣ್ಣೆತ್ತದೆ.

"ಇವತ್ತು ಬಾ. ನಾನು ಕರೆದುಕೊಂಡು ಹೋಗ್ತೀನಿ."

"ಅಡಿಕೆ ಕೊಯ್ಯೋರು ಬರ್ತಾರೆ."

"ನಾನಿವ್ನಿ ನೋಡ್ಕಳಕ್ಕೆ, ಹೋಗಿ" ಅಂದರು ಜಯಮ್ಮ. ರಂಗಪ್ಪನವರು ರೊಟ್ಟಿ ತಿಂದು ಮುಗಿಸಿ, ಕೈ ತೊಳೆದು, ಒಳಗೆ ಹೋದರು. ಬಂದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಹೆಗಲಿಗೊಂದು ಟವೆಲ್ಲು.

ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ದಾರಿ ಬೇರೆಯಾಯಿತು. ಅವರಿಬ್ಬರೂ ಬೇಲೂರಿಗೆ ಹೋಗಿ, ಬಿಕ್ಕೋಡಿನ ಮೇಲೆ ಸಕಲೇಶಪುರ ಸೇರಿ, ಅಲ್ಲಿಂದ ಘಾಟಿ ಇಳಿಯುವವರು. ನನಗೆ ಸ್ಕೂಲಿನ ಕೆಲಸವಿತ್ತು, ಅರಸೀಕೆರೆ ಬಸ್ಸಿಗೆ ನಿಂತೆ. ಅವರ ಬಸ್ಸೇ ಮೊದಲು ಬಂತು. ರಂಗಪ್ಪನವರು ಕಿಟಕಿ ಪಕ್ಕ ಕೂತರು. "ಬತ್ತೀನಿ ಕಣಮ್ಮ, ಮತ್ತೆ ಬಾ" ಅಂದರು. ಅಣ್ಣ ಕೈ ಬೀಸಲಿಲ್ಲ. ಅಷ್ಟರಲ್ಲಾಗಲೇ ಅವನು ಅವರಿಗೆ ಏನನ್ನೋ ವಿವರಿಸತೊಡಗಿದ್ದ. ಬಸ್ಸು ತಿರುವು ದಾಟುವವರೆಗೆ ಎರಡು ಬಿಳಿ ತಲೆಗಳು ಹಿಂದಿನ ಗಾಜಿನಲ್ಲಿ ಕಾಣುತ್ತಿದ್ದವು.

ಅರಸೀಕೆರೆಯಲ್ಲಿ ರೈಲು ತಡವಾಗಿ ಬಂತು. ಕಾಯುತ್ತ ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಕೂತಾಗ ಅಪ್ಪನೂ ಅಮ್ಮನೂ ನೆನಪಾದರು. ಇಬ್ಬರೂ ಇದ್ದಿದ್ದರೆ ಈ ಮೂರು ದಿನದ ಮಾತು ಹೇಳಲು ಓಡಿಹೋಗುತ್ತಿದ್ದೆ. ತುಮಕೂರಿನ ಮನೆ ತಲುಪಿದಾಗ ಸಂಜೆಯಾಗಿತ್ತು.

ಮಾರನೇ ದಿನ ಮಧ್ಯಾಹ್ನ ಫೋನ್ ಬಂತು. ಮಂಗಳೂರಿನ ಕಡಲ ದಂಡೆಯ ಯಾವುದೋ ಎಸ್‌ಟಿಡಿ ಬೂತಿನಿಂದ ಅಣ್ಣ.

"ನೋಡಿದರಾ?" ಅಂದೆ.

"ಬೆಳಿಗ್ಗೆಯಿಂದ ನೋಡ್ತಾನೇ ಇದಾನೆ."

"ಏನಂದರು?"

"ಚಪ್ಪಲಿ ಬಿಟ್ಟ, ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟ, ನೀರಿಗೆ ಇಳಿದುಬಿಟ್ಟ. ಎರಡು ಸಲ ಎಳೆದುಕೊಂಡು ಬಂದೆ. ಮತ್ತೆ ಇಳಿದಿದಾನೆ." ಅವನ ಹಿಂದೆ ಗಾಳಿಯ ಸದ್ದು ಕೇಳಿಸುತ್ತಿತ್ತು. "ಇಡ್ತೀನಿ ವಿಮಲಾ. ಆ ಕಡೆಯಿಂದ ಕರೀತಿದಾನೆ, ನೀನೂ ಬಾರ್ಲಾ ಅಂತ."